ಡ್ರೀಮ್‌ವೀವರ್ ಸಿಎಸ್6 ಬಿಟ್ಟು ಹೊಸ್ದಕ್ಕೆ ಹೋಗೋದಾ? ಮಿರ್ಜಾನ ಹೋಂಸ್ಟೇ ಸೈಟ್ ಬಿಚ್ಚಿ ನೋಡಿದ ಏಳು ದಿನದ ಲೆಕ್ಕ

ಮೇ ಕೊನೇ ವಾರದಲ್ಲಿ ಶಿರಸಿ ಕಡೆ ಮಳೆ ಹಿಡಿಯೋ ಮುಂಚೆ ಸಂಜೆ ಹೊತ್ತಿಗೆ ಗುಡುಗು ಸಿಡಿಲು ಬರ್ತದಲ್ಲ, ಅಂಥದ್ದೇ ಒಂದು ಸಂಜೆ ನನ್ನ ಅಂಗಡಿ ಪಿಸಿ ಹೋಯ್ತು. ಯುಪಿಎಸ್ ಇತ್ತು, ಪ್ಲಗ್ಗೂ ಕಿತ್ತಿಟ್ಟಿದ್ದೆ, ಆದ್ರೆ ಟೆಲಿಫೋನ್ ವೈರಲ್ಲಿ ಬರೋ ಬ್ರಾಡ್‌ಬ್ಯಾಂಡ್ ಪಿನ್ ತೆಗೀಲಿಕ್ಕೆ ಮರ್ತಿದ್ದೆ, ಸಿಡಿಲು ಆ ವೈರಲ್ಲಿ ಬಂದು ಮೋಡೆಮ್ ಸುಟ್ಟು, ಅಲ್ಲಿಂದ ಲ್ಯಾನ್ ಕೇಬಲ್ ಹಿಡ್ಕೊಂಡು ಮದರ್‌ಬೋರ್ಡ್ ತನಕ ಹೋಗಿತ್ತು. ಮಲೆನಾಡಲ್ಲಿ ಇರೋರು ದಯವಿಟ್ಟು ಗುಡುಗು ಕೇಳಿದ ಕೂಡ್ಲೇ ಆ ಪಿನ್ ಮೊದ್ಲು ಕಿತ್ತಿಡಿ. ಹಾರ್ಡ್‌ಡಿಸ್ಕ್ ಉಳೀತು, ಅದೊಂದೇ ಪುಣ್ಯ.

ಆ ಪಿಸಿ 2013ರಲ್ಲಿ ಅಸೆಂಬಲ್ ಮಾಡ್ಸಿದ್ದು, ಒಳಗೆ ವಿಂಡೋಸ್ 7, ಅದರ ಮೇಲೆ ಡ್ರೀಮ್‌ವೀವರ್ ಸಿಎಸ್6, ಅಂದ್ರೆ ವೆಬ್‌ಸೈಟ್ ಕಟ್ಟೋ ಸಾಫ್ಟ್‌ವೇರು. ವಿಂಡೋಸ್ 7ಕ್ಕೆ ಸಪೋರ್ಟ್ ನಿಂತದ್ದು 2020ರ ಜನವರಿ 14ಕ್ಕೆ, ಅದಾದ ಮೇಲೂ ನಾನು ಎಳ್ಕೊಂಡು ಬಂದಿದ್ದೆ. ಈಗ ಹೊಸ ಲ್ಯಾಪ್‌ಟಾಪ್, ವಿಂಡೋಸ್ 11, ಖಾಲಿ ಡೆಸ್ಕ್‌ಟಾಪ್, ಇನ್‌ಸ್ಟಾಲ್ ಮಾಡೋದು ಎಂತ ಅನ್ನೋ ಪ್ರಶ್ನೆ. ಗೊತ್ತಿಲ್ಲದೋರಿಗೆ ಹೇಳೋದಾದ್ರೆ, ಡ್ರೀಮ್‌ವೀವರ್ ಮೊದ್ಲು ಬಂದದ್ದು 1997ರಲ್ಲಿ ಮ್ಯಾಕ್ರೋಮೀಡಿಯಾ ಕಂಪನಿಯಿಂದ, 2005ರ ಡಿಸೆಂಬರ್‌ನಲ್ಲಿ ಆ ಕಂಪನಿನೇ ಅಡೋಬಿ ಕೈಗೆ ಬಂತು, ಸಿಎಸ್6 ಬಂದದ್ದು 2012ರಲ್ಲಿ. ಒಮ್ಮೆ ದುಡ್ಡು ಕೊಟ್ಟು ಡಿವಿಡಿ ತಗೊಂಡ್ರೆ ನಮ್ದೇ ಆಗೋ ಹಂಗೆ ಬಂದ ಕೊನೇ ವರ್ಷನ್ ಅದು. 2013ರಿಂದ ಈಚೆಗೆಲ್ಲ ಚಂದಾ, ತಿಂಗ್ಳಾ ತಿಂಗ್ಳಾ ಕಟ್ಬೇಕು, ನಿಲ್ಲಿಸಿದ್ರೆ ಸಾಫ್ಟ್‌ವೇರೂ ನಿಲ್ತದೆ. ಹಾಗಾಗಿ ಇದು ಒಂದ್ಸಲ ಮನಸ್ಸು ಗಟ್ಟಿ ಮಾಡಿ ಖರ್ಚು ಮಾಡಿ ಮುಗಿಸೋ ವ್ಯವಹಾರ ಅಲ್ಲ, ಮನೆ ಬಾಡಿಗೆ ಥರ ಒಪ್ಕೊಳ್ಬೇಕಾದದ್ದು.

ನಾನು ನೋಡ್ಕೊಳ್ಳೋ ಸೈಟು ಒಟ್ಟು 7, ಎಲ್ಲಾ ಸಣ್ಣವು. ಎಲ್ಲಕ್ಕಿಂತ ಹಳೇದು ನನ್ನ ಭಾವನ ಹೋಂಸ್ಟೇದು, ಮಿರ್ಜಾನ ಕೋಟೆಯಿಂದ ಹೆಚ್ಚು ದೂರ ಇಲ್ಲ, ಅಘನಾಶಿನಿ ಹೊಳೆ ದಂಡೆ ಕಡೆ. 2009ರಲ್ಲಿ ಮಾಡಿಕೊಟ್ಟದ್ದು, 64 ಪೇಜು, ಟೇಬಲ್ (ಸಾಲು-ಕಾಲಮ್ಮಿನ ಚೌಕಟ್ಟು) ಮೇಲೆ ಟೇಬಲ್ ಜೋಡ್ಸಿ 780 ಪಿಕ್ಸೆಲ್ ಅಗಲಕ್ಕೆ ಕಟ್ಟಿದ್ದು, ಕನ್ನಡ ಪೂರ್ತಿ ನುಡಿ ಫಾಂಟಲ್ಲಿ. ಆಗ ಎಲ್ಲರೂ ಹಾಗೇ ಮಾಡ್ತಿದ್ವಿ. ಪಿಸಿ ಸುಟ್ಟ ವಾರವೇ ಭಾವ ಫೋನ್ ಮಾಡಿದ್ರು: "ಭಾವಾ, ಫೋನಲ್ಲಿ ನಮ್ಮ ಸೈಟು ಓದಲೆ ಆಗ್ತಿಲ್ಲೆ ಹೇಳಿ ಬಂದವೆಲ್ಲಾ ಹೇಳ್ತ, ಎಂತಾರೂ ಮಾಡಲೆ ಆಗ್ತ ನೋಡು." ಅದೇ ವಾರ ಹೋಸ್ಟಿಂಗ್ ಕಡೆಯಿಂದಲೂ ಮೇಲ್ ಬಂತು, ಹಳೇ ಪಿಎಚ್‌ಪಿ 5.6 (ಸರ್ವರಲ್ಲಿ ಓಡೋ ಪ್ರೋಗ್ರಾಂ ಭಾಷೆ) ತೆಗೀತೇವೆ, 8ಕ್ಕೆ ಬನ್ನಿ ಅಂತ. ಮೂರೂ ಒಟ್ಟಿಗೆ ಬಂದ ಕಾರಣ ನನ್ನ ತಲೇಲಿ ಇದ್ದದ್ದು ಒಂದೇ: ಹೊಸ ಡ್ರೀಮ್‌ವೀವರ್ ತಗೊಂಡ್ರೆ ಎಲ್ಲಾ ಒಂದೇ ಏಟಿಗೆ ಸರಿ ಆಗ್ತದೆ. ಅದನ್ನ ಪರೀಕ್ಷೆ ಮಾಡದೇ ಚಂದಾ ಕಟ್ಟೋದು ಬೇಡ ಅಂತ ಒಂದು ವಾರ ಕೂತೆ, ಅದ್ರದ್ದೇ ಲೆಕ್ಕ ಇದು.

ಮೊದ್ಲು ಮಾಡಿದ್ದು ಹಾರ್ಡ್‌ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಸೈಟ್ ಫೋಲ್ಡರ್ ಮೂರು ಕಾಪಿ ತೆಗ್ದದ್ದು. ಒಂದು ಪೆನ್‌ಡ್ರೈವಿಗೆ, ಅದನ್ನ ಮುಟ್ಟೋದಿಲ್ಲ. ಒಂದು ಹಳೇ ವರ್ಷನ್ನಿಗೆ, ಒಂದು ಹೊಸ ವರ್ಷನ್ನಿಗೆ. ಎರಡೂ ಫೋಲ್ಡರಲ್ಲಿ ಫೈಲಿನ ಬದಲಾವಣೆಗೆಲ್ಲ ದಾಖಲೆ ಇಡೋ ಗಿಟ್ ಶುರು ಮಾಡಿ ಮೊದಲ ಕಮಿಟ್, ಅಂದ್ರೆ ಮೊದಲ ದಾಖಲೆ, ಹಾಕಿದೆ, ಯಾವ ಸಾಫ್ಟ್‌ವೇರು ಯಾವ ಫೈಲಲ್ಲಿ ಎಂತ ಬದಲಾಯ್ಸ್ತದೆ ಅಂತ ಒಂದೊಂದು ಅಕ್ಷರ ಸಮೇತ ಕಾಣ್ಬೇಕು ಅನ್ನೋದಕ್ಕೆ. ಪಕ್ಕಕ್ಕೆ ವಿನ್‌ಮರ್ಜ್ ಕೂಡ ಹಾಕಿಟ್ಟೆ, ಎರಡು ಫೋಲ್ಡರ್ ಎದುರಾಬದುರಾ ಇಟ್ಟು ನೋಡ್ಲಿಕ್ಕೆ ಅದರಷ್ಟು ಸಲೀಸು ಬೇರೆ ಇಲ್ಲ, ದುಡ್ಡೂ ಬೇಡ. ಈ ಎರಡು ಕೆಲಸಕ್ಕೆ ಒಂದು ಗಂಟೆ ಹೋಯ್ತು, ಆಮೇಲೆ ಈ ಒಂದು ಗಂಟೆನೇ ನನ್ನನ್ನ ಉಳಿಸಿದ್ದು, ಮುಂದೆ ಹೇಳ್ತೇನೆ.

ಸಿಎಸ್6 ಹಾಕ್ಲಿಕ್ಕೆ ಲ್ಯಾಪ್‌ಟಾಪಲ್ಲಿ ಡಿವಿಡಿ ಡ್ರೈವೇ ಇಲ್ಲ, ಪಕ್ಕದ ಫೋಟೋ ಸ್ಟುಡಿಯೋದಿಂದ ಯುಎಸ್‌ಬಿ ಡ್ರೈವ್ ಈಸ್ಕೊಂಡು ಬಂದೆ. ವಿಂಡೋಸ್ 11ರ ಮೇಲೆ ಏಳ್ತದಾ ಅಂತ ಅನುಮಾನ ಇತ್ತು, ಎದ್ದಿತು. ಆದ್ರೆ ಸ್ಕ್ರೀನ್ ರೆಸಲ್ಯೂಶನ್ ಜಾಸ್ತಿ ಇರೋ ಕಾರಣ ಮೆನು, ಐಕಾನ್ ಎಲ್ಲಾ ಸಾಸಿವೆ ಕಾಳಷ್ಟು. ಅದಕ್ಕೆ ಉಪಾಯ ಇದೆ, ಡ್ರೀಮ್‌ವೀವರ್ ಇಎಕ್ಸ್‌ಇ ಫೈಲಿನ ಪ್ರಾಪರ್ಟೀಸಲ್ಲಿ ಕಂಪ್ಯಾಟಿಬಿಲಿಟಿ ಟ್ಯಾಬಿಗೆ ಹೋಗಿ ಹೈ ಡಿಪಿಐ ಸೆಟಿಂಗಲ್ಲಿ ಸ್ಕೇಲಿಂಗನ್ನ ಸಿಸ್ಟಮ್ಮಿಗೆ ಬಿಟ್ಟುಕೊಡಿ, ಅಕ್ಷರ ಸ್ವಲ್ಪ ಮಂಜು ಮಂಜಾಗ್ತದೆ, ಆದ್ರೂ ಓದ್ಲಿಕ್ಕೆ ಬರ್ತದೆ.

ಸಿಎಸ್6 ಸೋತದ್ದು ಅಪ್‌ಲೋಡಲ್ಲಿ. ಹೋಸ್ಟಿಂಗಿನ ಹೊಸ ಸರ್ವರಿಗೆ ಎಸ್‌ಎಫ್‌ಟಿಪಿಯಲ್ಲಿ (ಫೈಲನ್ನ ಗುಪ್ತ ಲಿಪಿಯಲ್ಲಿ ಕಳಿಸೋ ದಾರಿ) ಕನೆಕ್ಟೇ ಆಗ್ಲಿಲ್ಲ. ಪಾಸ್‌ವರ್ಡ್ ತಪ್ಪಾ ಅಂತ ಅರ್ಧ ದಿನ ತಲೆ ಕೆಡಿಸ್ಕೊಂಡೆ, ಪಾಸ್‌ವರ್ಡ್ ಸರಿಯೇ ಇತ್ತು. ವಿಷಯ ಎಂತ ಅಂದ್ರೆ 2012ರ ಸಾಫ್ಟ್‌ವೇರಿಗೆ ಗೊತ್ತಿರೋದು ಆಗಿನ ಕಾಲದ ಗುಪ್ತ ಲಿಪಿ ಪದ್ಧತಿಗಳು, ಸರ್ವರ್ ಕಡೆ ಆ ಕನೆಕ್ಷನ್ ನೋಡ್ಕೊಳ್ಳೋ ಓಪನ್‌ಎಸ್‌ಎಸ್‌ಎಚ್ ಅವನ್ನೆಲ್ಲ ಒಂದೊಂದಾಗಿ ಬಿಟ್ಟುಬಿಟ್ಟಿದೆ, 2021ರ ಸೆಪ್ಟೆಂಬರಲ್ಲಿ ಬಂದ 8.8ರಿಂದ ಎಸ್‌ಎಚ್‌ಎ-1 ಅನ್ನೋ ಹಳೇ ಪದ್ಧತಿ ಮೇಲೆ ನಿಂತ ಆರ್‌ಎಸ್‌ಎ ಸಹಿಯನ್ನೂ ತಾನಾಗಿ ಒಪ್ಪೋದಿಲ್ಲ. ಇಬ್ರಿಗೂ ಗೊತ್ತಿರೋ ಒಂದು ಪದ್ಧತಿನೂ ಉಳೀದೇ ಇದ್ರೆ ಮಾತುಕತೆ ಶುರುವಾಗೋದಾದ್ರೂ ಹೇಗೆ. ಸಾದಾ ಎಫ್‌ಟಿಪಿಗೆ ವಾಪಸ್ ಹೋದ್ರೆ ಪಾಸ್‌ವರ್ಡ್ ಬಯಲಲ್ಲೇ ಹೋಗ್ತದೆ, ಅದಂತೂ ನಾನು ಮಾಡೋದಿಲ್ಲ. ಫೈಲ್ ಕಳಿಸ್ಲಿಕ್ಕೇ ಇರೋ ವಿನ್‌ಎಸ್‌ಸಿಪಿ ಹಾಕಿದೆ, ಮೊದಲ ಸಲಕ್ಕೇ ಕನೆಕ್ಟ್. ಅದ್ರಲ್ಲಿ ಒಂದು ಫೋಲ್ಡರನ್ನ ಕಣ್ಣಿಟ್ಟು ಕಾದು, ಇಲ್ಲಿ ಸೇವ್ ಮಾಡಿದ ಕೂಡ್ಲೇ ಅಲ್ಲಿಗೆ ತಾನೇ ಕಳಿಸೋ ಸೌಲಭ್ಯ ಇದೆ, ಹಾಗಾಗಿ ಡ್ರೀಮ್‌ವೀವರ್ ಒಳಗಿನ ಅಪ್‌ಲೋಡ್ ಬಟನ್ ಇಲ್ಲ ಅಂತ ನಂಗೆ ಕೊರತೆ ಕಾಣ್ಲಿಲ್ಲ.

ಮೂರನೇ ದಿನ ಹೊಸ್ದರ ಟ್ರಯಲ್ ಶುರು ಮಾಡಿದೆ. 7 ದಿನ ಸಿಗ್ತದೆ, ಕಾರ್ಡ್ ನಂಬರ್ ಮೊದ್ಲೇ ಕೊಡ್ಬೇಕು, ಹಾಗಾಗಿ ಶುರು ಮಾಡಿದ ದಿನವೇ ಕ್ಯಾಲೆಂಡರಿನಲ್ಲಿ ಆರನೇ ದಿನಕ್ಕೆ ಗುರುತು ಹಾಕಿಟ್ಟೆ. ಮುಚ್ಚಿಡದೇ ಹೇಳ್ತೇನೆ, ಹೊಸ್ದು ಕೂತು ಕೆಲಸ ಮಾಡ್ಲಿಕ್ಕೆ ಖುಷಿ ಕೊಡ್ತದೆ. ಕೋಡ್ ಬರಿಯೋ ಜಾಗ ಪೂರ್ತಿ ಬೇರೆ, ಎಮ್ಮೆಟ್ ಒಳಗೇ ಇದೆ, ನಾಲ್ಕು ಅಕ್ಷರ ಹೊಡ್ದು ಟ್ಯಾಬ್ ಒತ್ತಿದ್ರೆ ಇಡೀ ಪಟ್ಟಿ ಬಿಚ್ಕೊಳ್ತದೆ. ಗಿಟ್ ಕೂಡ ಒಳಗೇ. ಲೈವ್ ವ್ಯೂ ಅಂತೂ ಈಗಿನ ಬ್ರೌಸರ್ ತೋರ್ಸೋ ಹಂಗೇ ತೋರ್ಸ್ತದೆ. ಸಿಎಸ್6ರ ಲೈವ್ ವ್ಯೂ 2012ರ ವೆಬ್‌ಕಿಟ್ ಅನ್ನೋ ಬ್ರೌಸರ್ ಎಂಜಿನ್ನು, ಅದಕ್ಕೆ ಪೇಜಿನ ಭಾಗಗಳನ್ನ ಚೌಕಗಳಲ್ಲಿ ಕೂರಿಸೋ ಸಿಎಸ್‌ಎಸ್ ಗ್ರಿಡ್ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ, ಬ್ರೌಸರ್‌ಗಳಿಗೇ ಅದು ಬಂದದ್ದು 2017ರಲ್ಲಿ. ಎಸ್‌ಎಫ್‌ಟಿಪಿಯೂ ಹೊಸ್ದರಲ್ಲಿ ಸೀದಾ ಹೋಯ್ತು. ಎಲ್ಲಾ ಪೇಜಿಗೂ ಅಚ್ಚಿನ ಥರ ಇರೋ ಹಳೇ ಟೆಂಪ್ಲೇಟ್ ಫೈಲ್ ತೆಗೆದು "ತಲುಪೋದು ಹೇಗೆ" ಅನ್ನೋ ಸಾಲು ತಿದ್ದಿ 64 ಪೇಜಿಗೂ ಅಪ್‌ಡೇಟ್ ಕೊಟ್ಟೆ, ವಿನ್‌ಮರ್ಜಲ್ಲಿ ನೋಡಿದ್ರೆ ಆ ಸಾಲು ಬಿಟ್ಟು ಬೇರೆಂತದೂ ಅಲುಗಿರ್ಲಿಲ್ಲ. 2009ರಲ್ಲಿ ಬರ್ದ ಟೆಂಪ್ಲೇಟ್ ಇವತ್ತಿಗೂ ಓದ್ಕೊಳ್ತದೆ ಅಂದ್ರೆ ಸಣ್ಣ ಮಾತಲ್ಲ. ಈ ಸಾಲು ನಾನು ಪದೇ ಪದೇ ತಿದ್ದೋದು, ದೇವಿಮನೆ ಘಟ್ಟದ ರಸ್ತೆ ಕೆಲಸಕ್ಕೆ ಸಂಚಾರ ಬದಲಾದಾಗೆಲ್ಲ ಶಿರಸಿ ಕಡೆಯಿಂದ ಬರೋರಿಗೆ ಬೇರೆ ದಾರಿ ಹೇಳ್ಬೇಕು, 2024ರ ಆಗಸ್ಟ್ 7ರ ಬೆಳಗಿನ ಜಾವ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದಾಗ ಗೋವಾ ಕಡೆಯ ಗೆಸ್ಟುಗಳೆಲ್ಲ ಫೋನ್ ಮಾಡಿ ಕೇಳಿದ್ದೂ ಅದನ್ನೇ, ಹಾಗಾಗಿ ಟೆಂಪ್ಲೇಟ್ ಇಲ್ದೇ ನಂಗೆ ಆಗೋದಿಲ್ಲ.

ಇಷ್ಟಕ್ಕೇ ನಿಲ್ಸಿದ್ರೆ ಅವತ್ತು ರಾತ್ರಿನೇ ಚಂದಾ ಕಟ್ತಿದ್ದೆ.

ಮಾರನೇ ದಿನ ಫೂಟರ್ ತಿದ್ದೋಣ ಅಂತ ಹೊರಟೆ. ಫೂಟರ್ ಅಂದ್ರೆ ಪೇಜಿನ ಅಡಿಭಾಗ, ಎಲ್ಲಾ ಪೇಜಿಗೂ ಬಂದು ಸೇರೋ ಬೇರೆ ಇನ್‌ಕ್ಲೂಡ್ ಫೈಲು, ಕೆಳಗೆ ಹಳ್ಳಿ ಹೆಸರು, ತಾಲೂಕು, ಕರ್ನಾಟಕ ಅಂತ ನುಡಿಯಲ್ಲಿ ಇದೆ. ತೆಗ್ದೆ, ಫೋನ್ ನಂಬರ್ ಬದಲಾಯ್ಸ್ದೆ, ಸೇವ್ ಮಾಡಿದೆ, ಅದೇ ಫೈಲನ್ನ ಮತ್ತೆ ತೆಗ್ದು ನೋಡಿದ್ರೆ ಕನ್ನಡ ಇದ್ದ ಜಾಗದಲ್ಲೆಲ್ಲ ಕಪ್ಪು ವಜ್ರದ ಒಳಗೆ ಪ್ರಶ್ನೆ ಚಿಹ್ನೆ ಇರ್ತದಲ್ಲ, ಅದರ ಸಾಲೇ ಸಾಲು. ಎದೆ ಧಸಕ್ಕಂತು. ಗಿಟ್ಟಲ್ಲಿ ಹಿಂದಿನದ್ದು ಇತ್ತು, ಒಂದು ಕಮಾಂಡಿಗೆ ವಾಪಸ್ ಬಂತು, ಅದಿಲ್ದೇ ಹೋಗಿದ್ರೆ ಆ ಫೈಲಲ್ಲಿದ್ದ ಕನ್ನಡ ಹೋದ್ಹಾಗೇ.

ಯಾಕೆ ಹೀಗಾಯ್ತು ಅಂತ ಬಿಡಿಸಿ ಹೇಳ್ಬೇಕು, ನುಡಿ ಕಾಲದ ಸೈಟ್ ಇಟ್ಕೊಂಡೋರು ಇನ್ನೂ ತುಂಬಾ ಜನ ಇದ್ದಾರೆ. ಹಳೇ ನುಡಿ ಫಾಂಟಲ್ಲಿ ಕನ್ನಡ ಅನ್ನೋದು ಕಂಪ್ಯೂಟರಿಗೆ ಗೊತ್ತೇ ಇಲ್ಲ. "ಕರ್ನಾಟಕ" ಅಂತ ನಾವು ಓದೋ ಜಾಗದಲ್ಲಿ ಫೈಲಲ್ಲಿ ನಿಜಕ್ಕೂ ಇರೋದು ಇಂಗ್ಲಿಷಿನ ಪಿ, ತಲೆ ಮೇಲೆ ಓರೆ ಗೆರೆ ಇರೋ ಎ, ಪೌಂಡ್ ಚಿಹ್ನೆ, ಇನ್ನೊಂದು ಗೆರೆ ಇರೋ ಎ, ಐಸ್‌ಲ್ಯಾಂಡ್ ಭಾಷೆಯ ಒಂದು ಅಕ್ಷರ, ಸಣ್ಣ ಎಲ್, ಮತ್ತೆ ಪಿ, ಮತ್ತೆ ಗೆರೆ ಎ. ಒಟ್ಟು ಎಂಟು. ನುಡಿ ಫಾಂಟು ಆ ಎಂಟು ಜಾಗಕ್ಕೆ ಕನ್ನಡದ ಚೂರು ಚಿತ್ರ ಕೂರಿಸ್ತದೆ, ಅಷ್ಟೇ. ಫೈಲ್ ಐಎಸ್‌ಒ-8859-1 ಅನ್ನೋ ಎನ್‌ಕೋಡಿಂಗಲ್ಲಿ (ಯಾವ ಅಕ್ಷರಕ್ಕೆ ಯಾವ ಬೈಟ್ ಅನ್ನೋ ಪದ್ಧತಿ) ಇದ್ರೆ ಪೌಂಡ್ ಚಿಹ್ನೆಗೆ ಒಂದೇ ಬೈಟ್, ಎ3. ಯುಟಿಎಫ್-8ರಲ್ಲಿ ಅದೇ ಚಿಹ್ನೆಗೆ ಎರಡು ಬೈಟ್, ಸಿ2 ಎ3. ಬರೀ ಎ3 ಒಂದೇ ಸಿಕ್ಕಿದ್ರೆ ಯುಟಿಎಫ್-8 ಅಂತ ಓದೋನಿಗೆ ಅದು ಅರ್ಥವೇ ಆಗೋದಿಲ್ಲ, ಪ್ರಶ್ನೆ ಚಿಹ್ನೆ ಕೂರಿಸ್ತಾನೆ. ಆ ಸ್ಥಿತೀಲಿ ಸೇವ್ ಮಾಡಿದ್ರೆ ಹಾಳಾದ ಎಲ್ಲಾ ಅಕ್ಷರದ ಜಾಗಕ್ಕೂ ಒಂದೇ ಮೂರು ಬೈಟ್ ಕೂರ್ತದೆ, ಇಎಫ್ ಬಿಎಫ್ ಬಿಡಿ, ಯಾವುದು ಪೌಂಡ್ ಆಗಿತ್ತು ಯಾವುದು ಎ ಆಗಿತ್ತು ಅಂತ ಆಮೇಲೆ ದೇವರಿಗೂ ಗೊತ್ತಾಗೋದಿಲ್ಲ. ನನ್ನ "ಕರ್ನಾಟಕ"ದಲ್ಲಿ ಉಳಿದದ್ದು ಎರಡು ಪಿ, ಒಂದು ಎಲ್.

ಮಿಕ್ಕ ಪೇಜಿಗೆಲ್ಲ ಏನೂ ಆಗ್ಲಿಲ್ಲ, ಫೂಟರಿಗೆ ಮಾತ್ರ ಆಯ್ತು ಯಾಕಂದ್ರೆ ಪೇಜುಗಳ ತಲೇಲಿ ಎನ್‌ಕೋಡಿಂಗ್ ಯಾವ್ದು ಅಂತ ಹೇಳೋ ಚಾರ್‌ಸೆಟ್ ಮೆಟಾ ಟ್ಯಾಗ್ ಇತ್ತು. ಫೂಟರ್ ನಾನು ಕೈಲಿ ಬರ್ದ ತುಂಡು ಫೈಲು, ಅದಕ್ಕೆ ತಲೆಯೇ ಇಲ್ಲ. ಎನ್‌ಕೋಡಿಂಗ್ ಹೇಳದ ಫೈಲನ್ನ ಯಾವ್ದರಲ್ಲಿ ತೆಗೀಬೇಕು ಅಂತ ಡ್ರೀಮ್‌ವೀವರ್ ಪ್ರಿಫರೆನ್ಸಸಲ್ಲಿ ನ್ಯೂ ಡಾಕ್ಯುಮೆಂಟ್ ಅನ್ನೋ ಕಡೆ ಒಂದು ಸೆಟಿಂಗ್ ಇದೆ. ಹಳೇ ಪಿಸೀಲಿ ನಾನು ಅದನ್ನ ವೆಸ್ಟರ್ನ್ ಅಂತ ಯಾವ್ದೋ ಕಾಲದಲ್ಲಿ ಇಟ್ಟಿದ್ದೆ, ಇಟ್ಟದ್ದೂ ಮರ್ತುಹೋಗಿತ್ತು, ಹೊಸ ಇನ್‌ಸ್ಟಾಲಲ್ಲಿ ಅದು ಯುಟಿಎಫ್-8. ತಕ್ಷಣ ಸಿಎಸ್6ರ ಕಡೆ ಹೋಗಿ ನೋಡಿದ್ರೆ ಅಲ್ಲೂ ಯುಟಿಎಫ್-8, ಅದೂ ಹೊಸ ಇನ್‌ಸ್ಟಾಲೇ ಅಲ್ವಾ. ಅಲ್ಲಿ ಫೂಟರ್ ತೆಗ್ದಿದ್ರೂ ಇದೇ ಗತಿ ಆಗ್ತಿತ್ತು. ಅಲ್ಲಿಗೆ ನಂಗೆ ಒಂದು ವಿಷಯ ಖಾತ್ರಿ ಆಯ್ತು, ಇದು ಹಳೇದು ಹೊಸ್ದು ಅನ್ನೋ ಜಗಳವೇ ಅಲ್ಲ, ಕಾಯಿಲೆ ಫೈಲಿನ ಒಳಗೇ ಇದೆ.

ಇನ್ನೊಂದು ವಿಚಿತ್ರನೂ ಆಗ ಕಂಡಿತು. 64ರಲ್ಲಿ 40ರಷ್ಟು ಪೇಜಲ್ಲಿ ನುಡಿ ಅಕ್ಷರ ಬೈಟಾಗಿ ಇರ್ಲೇ ಇಲ್ಲ, ಪೌಂಡ್ ಅಂತ ಹೆಸರು ಬರ್ದು ಮುಂದೆ ಆಂಪರ್‌ಸ್ಯಾಂಡ್ ಹಿಂದೆ ಸೆಮಿಕೋಲನ್ ಹಾಕಿದ ಎಂಟಿಟಿಯಾಗಿ ಇತ್ತು. ಡಿಸೈನ್ ವ್ಯೂನಲ್ಲಿ ಸೀದಾ ಟೈಪ್ ಮಾಡಿದ ಪೇಜಿಗೆಲ್ಲ ಡ್ರೀಮ್‌ವೀವರ್ ಆಗ ಹಾಗೆ ಬರೀತಿತ್ತು, ನೋಟ್‌ಪ್ಯಾಡಿಂದ ಕೋಡ್ ವ್ಯೂಗೆ ಪೇಸ್ಟ್ ಮಾಡಿದ್ದು ಮಾತ್ರ ಬರೀ ಬೈಟಾಗಿ ಉಳ್ದಿತ್ತು. ಎಂಟಿಟಿ ಇರೋ ಪೇಜು ಯಾವ ಎನ್‌ಕೋಡಿಂಗಲ್ಲಿ ತೆಗೆದ್ರೂ ಗಟ್ಟಿ. 16 ವರ್ಷ ಈ ಸೈಟ್ ಉಳ್ಕೊಂಡು ಬಂದದ್ದರಲ್ಲಿ ಅರ್ಧ ಪಾಲು ಅದ್ರದ್ದೇ.

ಪಿಎಚ್‌ಪಿ ವಿಷಯ ಬೇಗ ಮುಗೀತು. ಗೆಸ್ಟ್ ಬುಕ್ ಮತ್ತೆ ರೂಮ್ ಖಾಲಿ ಇದೆಯಾ ನೋಡೋ ಪೇಜು, ಇವೆರಡನ್ನ ಸರ್ವರ್ ಬಿಹೇವಿಯರ್ಸ್ ಪ್ಯಾನಲಲ್ಲಿ ಮೌಸಿಂದಲೇ ಮಾಡಿದ್ದೆ. ಆ ಪ್ಯಾನಲ್ ಬರ್ದುಕೊಡೋ ಕೋಡು ಹಳೇ ಮೈಎಸ್‌ಕ್ಯೂಎಲ್ ಫಂಕ್ಷನ್ನುಗಳದ್ದು, 2015ರ ಡಿಸೆಂಬರಲ್ಲಿ ಪಿಎಚ್‌ಪಿ 7 ಬಂದಾಗ ಅವನ್ನ ಕಿತ್ತೇ ಹಾಕಿದ್ದಾರೆ, 8ರಲ್ಲಿ ಓಡಿಸಿದ್ರೆ ಫೇಟಲ್ ಎರರ್. ಹೊಸ ಡ್ರೀಮ್‌ವೀವರ್ ಇದನ್ನ ಸರಿ ಮಾಡಿಕೊಡ್ತದೆ ಅಂತ ನಾನು ಅಂದ್ಕೊಂಡಿದ್ದೆ, ತೆಗ್ದು ನೋಡಿದ್ರೆ ಆ ಪ್ಯಾನಲೇ ಹೊಸ್ದರಲ್ಲಿ ಇಲ್ಲ. ಭಾವನ ಹತ್ರ ಕೇಳಿದೆ, ರೂಮ್ ಪೇಜನ್ನ ಯಾರೂ ಬಳಸ್ತಿರ್ಲಿಲ್ಲ, ಎಲ್ಲರೂ ವಾಟ್ಸಾಪಲ್ಲೇ ಕೇಳೋದು. ಹಾಗಾಗಿ ಆ ಪೇಜ್ ತೆಗ್ದು ವಾಟ್ಸಾಪ್ ಲಿಂಕ್ ಕೊಟ್ಟೆ, ಗೆಸ್ಟ್ ಬುಕ್ಕಲ್ಲಿದ್ದ 41 ಅಭಿಪ್ರಾಯ ಸಾದಾ ಪೇಜಾಗಿ ಇಳಿಸಿಟ್ಟೆ, ಡೇಟಾಬೇಸೇ ಬೇಡ ಆಯ್ತು.

ಫೋನಲ್ಲಿ ಓದ್ಲಿಕ್ಕೆ ಆಗದೇ ಇರೋದಕ್ಕೆ ಎರಡು ಕಾರಣ. ಒಂದು ನುಡಿ, ಫೋನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಪೌಂಡ್ ಚಿಹ್ನೆಗಳೇ ಕಾಣೋದು. ಗೂಗಲಿಗೂ ಅದೇ ಕಾಣೋದು, "ಮಿರ್ಜಾನ ಕೋಟೆ" ಅಂತ ಕನ್ನಡದಲ್ಲಿ ಹುಡುಕಿದ್ರೆ ಕೋಟೆ ಪಕ್ಕದಲ್ಲೇ ಇರೋ ನಮ್ಮ ಸೈಟು 16 ವರ್ಷದಿಂದ ಒಂದು ದಿನವೂ ಸಿಕ್ಕಿಲ್ಲ ಅಂತ ಅವತ್ತು ತಲೆಗೆ ಹೋದಾಗ ಭಾಳ ಬೇಜಾರಾಯ್ತು. ಎರಡನೇದು, ಫೋನಿನ ಅಗಲಕ್ಕೆ ಹೊಂದ್ಕೋ ಅಂತ ಬ್ರೌಸರಿಗೆ ಹೇಳೋ ವ್ಯೂಪೋರ್ಟ್ ಟ್ಯಾಗ್ ಇಲ್ಲ. ಅದಿಲ್ದೇ ಇದ್ರೆ ಫೋನಿನ ಬ್ರೌಸರ್ ಪೇಜನ್ನ 980 ಪಿಕ್ಸೆಲ್ ಅಗಲ ಅಂತ ಹಿಡ್ದು ಕುಗ್ಗಿಸಿ ತೋರ್ಸ್ತದೆ, ಅಕ್ಷರ ಇರುವೆ ಸಾಲು. ಟ್ಯಾಗ್ ಒಂದೇ ಹಾಕಿದ್ರೆ 780ರ ಟೇಬಲ್ಲು 360 ಅಗಲದ ಫೋನಿಂದ ಹೊರಗೆ ಚಾಚ್ಕೊಳ್ತದೆ, ಅಡ್ಡಡ್ಡ ಜಾರಿಸಿ ಓದ್ಬೇಕು. ಟೇಬಲ್ಲನ್ನೇ ಒಡೀಬೇಕು, ಬೇರೆ ದಾರಿ ಇಲ್ಲ. ಹೊಸ ವರ್ಷನ್ನು ಇದನ್ನ ತಾನೇ ಒಡ್ದುಕೊಡೋದಿಲ್ಲ, ಹಳೇದೂ ಕೊಡೋದಿಲ್ಲ, ಕೂತು ನಾನೇ ಒಡೀಬೇಕು.

ಐದನೇ ದಿನ ರಾತ್ರಿ ಊಟ ಆದ್ಮೇಲೆ ಕಾಗದ ತಗೊಂಡು ಬರ್ದು ನೋಡಿದೆ. ಹೊಸ್ದು ನಂಗೆ ನಿಜವಾಗಿ ಬಿಡಿಸಿಕೊಡೋದು ಅಪ್‌ಲೋಡು, ಲೈವ್ ವ್ಯೂ, ಕೋಡ್ ಬರಿಯೋ ಸುಖ. ಅಪ್‌ಲೋಡಿಗೆ ವಿನ್‌ಎಸ್‌ಸಿಪಿ ಆಯ್ತು, ಲೈವ್ ವ್ಯೂಗೆ ಕ್ರೋಮಿನ ಡಿವೈಸ್ ಮೋಡ್ ಆಯ್ತು, ಕೋಡಿಗೆ ವಿಎಸ್ ಕೋಡ್ ಆಯ್ತು, ಎಮ್ಮೆಟ್ಟೂ ಗಿಟ್ಟೂ ಅದ್ರಲ್ಲೇ ಇವೆ, ಮೂರಕ್ಕೂ ಒಂದು ಪೈಸೆ ಇಲ್ಲ. ನನ್ನ ನಿಜವಾದ ಸಂಕಟ ನುಡಿ, ಟೇಬಲ್, ಪಿಎಚ್‌ಪಿ, ಈ ಮೂರನ್ನ ಯಾವ ವರ್ಷನ್ನೂ ಮುಟ್ಟೋದಿಲ್ಲ. ಟೆಂಪ್ಲೇಟ್ ಒಂದಕ್ಕೆ ಮಾತ್ರ ಡ್ರೀಮ್‌ವೀವರ್ ಬೇಕು, ಅದನ್ನ ಸಿಎಸ್6 ಇವತ್ತಿಗೂ ಚೊಕ್ಕ ಮಾಡ್ತದೆ. ಇನ್ನೊಂದು ವಿಷಯ, ಹೊಸ್ದು ಅಂತ ಕರೆಯೋ ವರ್ಷನ್ನಿನ ನಂಬರೇ 2020ರ ಅಕ್ಟೋಬರಿಂದ 21ರಲ್ಲೇ ನಿಂತಿದೆ, ಆಮೇಲೆ ಬಂದದ್ದೆಲ್ಲ ಚುಕ್ಕೆ ಹಾಕಿದ ಸಣ್ಣ ಅಪ್‌ಡೇಟು. ವರ್ಷ ವರ್ಷ ಬೆಳೆಯೋ ಸಾಫ್ಟ್‌ವೇರಿಗೆ ಬಾಡಿಗೆ ಕಟ್ಟೋದು ಬೇರೆ ಮಾತು. ಹಾಗಾಗಿ ಬೇಡ ಅಂತ ಗಟ್ಟಿ ಮಾಡ್ಕೊಂಡೆ.

ಎಲ್ಲರಿಗೂ ಬೇಡ ಅಂತ ನಾನು ಹೇಳ್ತಾ ಇಲ್ಲ. ಕಾರವಾರದಲ್ಲಿ ನನ್ನ ಗೆಳೆಯ ಒಬ್ಬ ಇದ್ದಾನೆ, ಫ್ಲೆಕ್ಸು, ಮದುವೆ ಕಾರ್ಡು, ಬ್ರೋಶರ್ ಎಲ್ಲಾ ಮಾಡೋನು, ಫೋಟೋಶಾಪಿಗೂ ಇಲಸ್ಟ್ರೇಟರಿಗೂ ಅಂತ ಪೂರ್ತಿ ಕ್ರಿಯೇಟಿವ್ ಕ್ಲೌಡ್ ಚಂದಾನೇ ಕಟ್ತಾನೆ, ಅದ್ರಲ್ಲಿ ಡ್ರೀಮ್‌ವೀವರ್ ಹೇಗೂ ಬರ್ತದೆ, ಅವನು ಹೊಸ್ದು ಬಿಟ್ಟು ಹಳೇದು ಹಾಕೋದರಲ್ಲಿ ಅರ್ಥ ಇಲ್ಲ. ಸೈಟ್ ಮೊದ್ಲೇ ಯುನಿಕೋಡಲ್ಲಿ (ಕನ್ನಡವನ್ನ ಕನ್ನಡ ಅಂತಲೇ ಕಂಪ್ಯೂಟರಿಗೆ ಹೇಳೋ ಪದ್ಧತಿ) ಇದ್ದು, ಬೂಟ್‌ಸ್ಟ್ರಾಪ್ ಥರದ ಸಿದ್ಧ ಚೌಕಟ್ಟಲ್ಲಿ ಕಟ್ಟಿದ್ದು, ಇಬ್ರು ಮೂವರು ಒಟ್ಟಿಗೆ ಕೆಲಸ ಮಾಡೋ ಜಾಗಕ್ಕೂ ಹೊಸ್ದೇ ಸರಿ.

ಈಗ ರಿಪೇರಿ. ನುಡಿಯಿಂದ ಯುನಿಕೋಡಿಗೆ ತರ್ಲಿಕ್ಕೆ ಪೈಥಾನಲ್ಲಿ ಸಣ್ಣ ಸ್ಕ್ರಿಪ್ಟ್ ಬರ್ದೆ, ಯಾವ ಚೂರು ಯಾವ ಕನ್ನಡ ಅಕ್ಷರ ಅನ್ನೋ ಪಟ್ಟಿ ಓಪನ್‌ಸೋರ್ಸಲ್ಲಿ ಸಿಕ್ತದೆ. ಕಷ್ಟ ಇದ್ದದ್ದು ಎಲ್ಲಿ ಅಂದ್ರೆ ಒಂದೇ ಪ್ಯಾರಾದಲ್ಲಿ ಕನ್ನಡವೂ ಇಂಗ್ಲಿಷೂ ಇದೆ, ಕಣ್ಣು ಮುಚ್ಚಿ ಎಲ್ಲಾ ಬದಲಾಯ್ಸಿದ್ರೆ ಇಮೇಲ್ ಅಡ್ರೆಸ್ಸೂ ಕನ್ನಡದ ಚೂರುಪಾರಾಗಿ ಹೋಗ್ತದೆ. ಆಗ ಕೈ ಹಿಡಿದದ್ದು ಹಳೇ ಫಾಂಟ್ ಟ್ಯಾಗು. ನುಡಿ ಇರೋ ಕಡೆಯೆಲ್ಲ ಫೇಸ್ ನುಡಿ 01 ಇ ಅಂತ ಟ್ಯಾಗ್ ಸುತ್ತಿತ್ತು, ಅದರ ಒಳಗೆ ಇಂಗ್ಲಿಷ್ ಬಂದ್ರೆ ಏರಿಯಲ್ ಅಂತ ಇನ್ನೊಂದು ಟ್ಯಾಗು. ಬ್ಯೂಟಿಫುಲ್‌ಸೂಪ್ ಲೈಬ್ರರಿಯಲ್ಲಿ ಪ್ರತಿ ಅಕ್ಷರದ ತುಂಡಿಗೂ ಅದಕ್ಕೆ ಅತೀ ಹತ್ತಿರದ ಫಾಂಟ್ ಟ್ಯಾಗ್ ಯಾವ್ದು ಅಂತ ಮೇಲೆ ಹತ್ತಿ ನೋಡೋದು, ನುಡಿ ಆದ್ರೆ ಮಾತ್ರ ಬದಲಾಯ್ಸೋದು. ಎಂಟಿಟಿಗಳನ್ನ ಆ ಲೈಬ್ರರಿ ತಾನೇ ಅಕ್ಷರ ಮಾಡ್ಕೊಳ್ತದೆ, ಹಾಗಾಗಿ ಎರಡು ಥರದ ಪೇಜಿಗೂ ಒಂದೇ ಸ್ಕ್ರಿಪ್ಟ್ ಸಾಕಾಯ್ತು.

ಮೊದಲ ಸಲ ಓಡಿಸಿದಾಗ ಓದ್ಲಿಕ್ಕೆ ಬಂತು, ಆದ್ರೆ "ಕನಾರ್ಟಕ" ಅಂತ ಬಂತು, "ಮಿಜಾರ್ನ" ಅಂತ ಬಂತು. ಅರ್ಕಾವತ್ತಿನ ಕಾಟ. ನಾವು ಕೈಯಲ್ಲಿ ಬರಿಯುವಾಗ ಅರ್ಕಾವತ್ತನ್ನ ಅಕ್ಷರ ಬರ್ದಾದ ಮೇಲೆ ಪಕ್ಕಕ್ಕೆ ಹಾಕ್ತೇವೆ, ನುಡಿಯಲ್ಲೂ ಅದೇ ಕ್ರಮ, ಮಿ ಆಯ್ತು, ಜಾ ಆಯ್ತು, ಆಮೇಲೆ ಅರ್ಕಾವತ್ತು, ಆಮೇಲೆ ನ. ಯುನಿಕೋಡಲ್ಲಿ ಬಾಯಲ್ಲಿ ಹೇಳೋ ಕ್ರಮ, ಮೊದ್ಲು ರ, ಹಲಂತ, ಆಮೇಲೆ ಜಾ. ಹಾಗಾಗಿ ಅರ್ಕಾವತ್ತು ಸಿಕ್ಕಿದಾಗ ಹಿಂದೆ ಹೋಗಿ ಒಂದು ಇಡೀ ಅಕ್ಷರ ದಾಟಿ ಅದರ ಮುಂದೆ ರ್ ಕೂರಿಸ್ಬೇಕು. ಗೇರುಸೊಪ್ಪೆ ಪೇಜಲ್ಲಿ "ಚತುರ್ಮುಖ ಬಸದಿ" ಅನ್ನೋದು "ಚತುಮುರ್ಖ ಬಸದಿ" ಆಗಿ ಕೂತಿತ್ತು, ಅದು ಹಾಗೇ ಲೈವ್ ಹೋಗಿದ್ರೆ ನಂಗೆ ತಲೆ ಎತ್ತಲಿಕ್ಕೆ ಆಗ್ತಿರ್ಲಿಲ್ಲ. ಒಂದು ವ್ಯಂಜನ ಹಿಂದೆ ಹೋಗೋ ಹಂಗೆ ತಿದ್ದಿದೆ, ಇವೆಲ್ಲ ಸರಿ ಆದ್ವು, ಅದೇ ಪೇಜಲ್ಲಿ "ಪಾರ್ಶ್ವನಾಥ" ಮಾತ್ರ "ಪಾಶ್ರ್ವನಾಥ" ಆಯ್ತು. ಅಲ್ಲಿ ಶಕ್ಕೆ ವ ಒತ್ತು ಇದೆ, ಒಂದು ಹೆಜ್ಜೆ ಹಿಂದೆ ಹೋದ್ರೆ ಒತ್ತಿನ ಹತ್ರ ನಿಂತುಬಿಡ್ತದೆ. ವ್ಯಂಜನದ ಹಿಂದೆ ಹಲಂತ ಇದ್ರೆ ಇನ್ನೂ ಹಿಂದೆ ಹೋಗು, ಹಲಂತ ಇಲ್ಲದ ವ್ಯಂಜನ ಸಿಗೋ ತನಕ ಹೋಗು ಅಂತ ಬರ್ದ ಮೇಲೆ ಸರಿಯಾಗಿ ಕೂತಿತು. ಇಷ್ಟಾದ್ಮೇಲೂ ಸ್ಕ್ರಿಪ್ಟನ್ನ ನಂಬ್ಲಿಲ್ಲ, ಅರ್ಕಾವತ್ತು ಇರೋ ಎಲ್ಲಾ ಪದ ಬೇರೆ ಫೈಲಿಗೆ ತೆಗ್ದು, ಒಂದೇ ಪದ ಎರಡು ಸಲ ಬರದ ಹಂಗೆ ಮಾಡಿ, ಪ್ರಿಂಟ್ ಹಾಕಿ ಆಯಿ ಕೈಗೆ ಕೊಟ್ಟೆ. ಆಯಿ ಕನ್ನಡ ಶಾಲೇಲಿ ಟೀಚರ್ ಆಗಿದ್ದೋರು, ಕೆಂಪು ಪೆನ್ ಹಿಡ್ದು ಒಂದು ಮಧ್ಯಾಹ್ನ ಕೂತು ಓದಿದ್ರು. ತಪ್ಪು ಸಿಕ್ಕಿದ್ದು 3, ಮೂರೂ 2009ರಲ್ಲಿ ನಾನೇ ತಪ್ಪು ಟೈಪ್ ಮಾಡಿದ್ದು.

ಆಮೇಲೆ ಟೇಬಲ್ ಒಡೆಯೋ ಕೆಲಸ. 64 ಪೇಜಲ್ಲಿ ಒಂದೇ ಮಾತು ಎರಡೆರಡು ಕಡೆ ಇದ್ದದ್ದನ್ನ ಸೇರ್ಸಿ 22ಕ್ಕೆ ಇಳಿಸಿದೆ. ಹೊಸ ಟೆಂಪ್ಲೇಟನ್ನ ವಿಎಸ್ ಕೋಡಲ್ಲಿ ಕೈಯಾರೆ ಬರ್ದೆ, ತಲೇಲಿ ಯುಟಿಎಫ್-8 ಚಾರ್‌ಸೆಟ್, ವ್ಯೂಪೋರ್ಟ್, ಅಗಲಕ್ಕೆ ಗ್ರಿಡ್, ಕನ್ನಡಕ್ಕೆ ನೋಟೋ ಸಾನ್ಸ್ ಕನ್ನಡ. ಎಡಿಟ್ ಮಾಡೋ ಜಾಗದ ಗುರುತುಗಳು ಹಳೇ ಡ್ರೀಮ್‌ವೀವರ್ ಕಾಮೆಂಟುಗಳೇ, ಹಾಗಾಗಿ ರಸ್ತೆ ಮಾಹಿತಿ ಬದಲಾದಾಗ ಸಿಎಸ್6ರಲ್ಲಿ ಟೆಂಪ್ಲೇಟ್ ತೆಗ್ದು ತಿದ್ದಿ 22ಕ್ಕೂ ಒಟ್ಟಿಗೆ ಕೊಡೋದು. ಸಿಎಸ್6ರ ಡಿಸೈನ್ ವ್ಯೂಗೆ ಗ್ರಿಡ್ ಅರ್ಥ ಆಗೋದಿಲ್ಲ, ಎಲ್ಲಾ ಒಂದರ ಕೆಳಗೆ ಒಂದು ಕಾಣ್ತದೆ, ಅದನ್ನ ನಾನು ತೆಗೆಯೋದೇ ಇಲ್ಲ, ಬರೀ ಕೋಡ್ ವ್ಯೂ. ಫೂಟರಿಗೂ ಈಗ ಅದರಲ್ಲೇ ಜಾಗ, ತಲೆ ಇಲ್ಲದ ತುಂಡು ಫೈಲು ಒಂದೂ ಉಳಿಸಿಲ್ಲ.

ಟ್ರಯಲ್ಲನ್ನ ಆರನೇ ದಿನ ಬೆಳಿಗ್ಗೆ ಕ್ಯಾನ್ಸಲ್ ಮಾಡಿದೆ. ರಿಪೇರಿ ಮುಗಿಯೋದಕ್ಕೆ ಅದಾಗಿ ಇನ್ನೂ ಎರಡು ವಾರ ಹಿಡೀತು, ಮಳೆ ಜೋರಾಗಿ ಕರೆಂಟ್ ಇಲ್ದೇ ಹೋದ ದಿನಗಳೂ ಅದ್ರಲ್ಲಿ ಸೇರಿವೆ. ಅಪ್‌ಲೋಡ್ ಆದ ರಾತ್ರಿ ಭಾವನಿಗೆ ಲಿಂಕ್ ಕಳ್ಸಿದೆ, ಹತ್ತು ನಿಮಿಷಕ್ಕೆ ಫೋನ್ ಬಂತು, "ಭಾವಾ, ಕನ್ನಡ ಚೊಲೋ ಕಾಣ್ತಾ ಇದ್ದು, ಆದ್ರೆ ಫೋಟೋ ಇಪ್ಪಲ್ಲಿ ಬರೀ ಬಿಳೀ ಡಬ್ಬಿ ಕಾಣ್ತಲೋ." ನೋಡಿದ್ರೆ ಹೌದು, ಕೋಟೆ ಪೇಜಿನ ಸ್ಲೈಡ್‌ಶೋ ಫ್ಲ್ಯಾಶಲ್ಲಿ ಮಾಡಿದ್ದು, 2020ರ ಡಿಸೆಂಬರ್ 31ಕ್ಕೇ ಫ್ಲ್ಯಾಶ್ ನಿಂತುಹೋಗಿದೆ, ಅಲ್ಲಿಂದ ಇಲ್ಲಿ ತನಕ ಆ ಡಬ್ಬಿ ಖಾಲಿಯೇ ಇತ್ತು. ಒಳಗಿದ್ದ ಒರಿಜಿನಲ್ ಫೋಟೋ 28 ಹಾರ್ಡ್‌ಡಿಸ್ಕಲ್ಲಿ ಸಿಕ್ಕಿವೆ, ಎಲ್ಲಾ 640ಕ್ಕೆ 480. ಮಳೆಗಾಲದಲ್ಲಿ ಕೋಟೆ ಗೋಡೆ ಪೂರ್ತಿ ಹಸಿರಾಗಿರ್ತದೆ, ಮುಂದಿನ ಭಾನುವಾರ ಘಟ್ಟ ಇಳ್ದು ಹೋಗಿ ಹೊಸ ಫೋಟೋ ತೆಗೀತೇನೆ ಅಂತ ಹೇಳಿದ್ದೇನೆ.